ಮಿಸ್ತ್ರಿಕಾಕಾ ಒಪ್ಪಿಕೊಂಡ ತಪ್ಪು

ಮೊನ್ನೆ ಖಂಡೇನವಮಿಯ ದಿನ ಕೆಳಗಿನ ಮನೆಯವರು ತಮ್ಮ ಸ್ಕೂಟರನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ಆಮೇಲೆ ಒಂದು ತಾಸು ಅದನ್ನು ಒದೆಯುತ್ತಲೇ ಇದ್ದರು. ಒದ್ದಾಗಲೆಲ್ಲ ಅದು ಗುರ್ರೆಂದು ತಿರುಗುತ್ತಿತ್ತೇ ಹೊರತು ಚಾಲೂ ಆಗಲೊಲ್ಲದು. ಮೇಲೆ ಗ್ಯಾಲರಿಯಲ್ಲಿ ಕುಳಿತಿದ್ದ ನನಗೆ ಮೊದಲು ಹಸಿ ಪೆಟ್ರೋಲಿನ ವಾಸನೆ ಬಂತು, ಅದರ ಹಿಂದೆಯೇ ಒದ್ದೆ ಚೆಂಡುಹೂವಿನ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದು ಎಷ್ಟು ವರ್ಷಗಳಾಗಿದ್ದವೋ... ಕೈಯಲ್ಲಿದ್ದ ಚಹಾ ಹಾಗೆಯೇ ಆರಿಹೋಯಿತು.

ವಯಸ್ಸಾದವರು ಹಳೆಯದನ್ನು ನೆನೆದು ಹಿಗ್ಗುತ್ತಾರೆ ಎಂದು ಹೇಳುವವರಿಗೆ ಇನ್ನೂ ವಯಸ್ಸಾಗಿರಲಿಕ್ಕಿಲ್ಲ. ನನಗಂತೂ ನೆನಪು ಎಂದರೆ ದಣಿವು. ಮಂಡಿನೋವಿನ ಹಾಗೆ ಅದೂ ಒಂದು, ಹವೆ ಬದಲಾದಾಗ ಏಳುತ್ತದೆ, ತಾನಾಗಿಯೇ ಅಡಗುತ್ತದೆ. ಈ ಸಲ ಮಾತ್ರ ಅಡಗಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಮದುವೆಯಾಗಿ ಪುಣೆಗೆ ಬಂದಾಗ ಎರಡನೆಯ ಮಹಾಯುದ್ಧದ ಮೂರನೆಯ ವರ್ಷ ನಡೆದಿತ್ತು. ನನಗೆ ಹದಿನೇಳು. ವಿಜಾಪುರದ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಗಂಡ ಬಸ್ ಡ್ರೈವರ್. ಹಳಬರು ಇನ್ನೂ ಭಾಂಬುರ್ಡೆ ಎಂದೇ ಕರೆಯುತ್ತಿದ್ದ ಶಿವಾಜಿನಗರದಲ್ಲಿ ಬಸ್ ಮಾಲೀಕರ ತಗಡಿನ ಶೆಡ್ಡು, ಅದರ ಹಿಂದೆಯೇ ಹತ್ತು ಖೋಲಿಗಳ ಚಾಳು. ಅಲ್ಲಿ ಒಂದು ಖೋಲಿಯಲ್ಲಿ ನಾವಿಬ್ಬರು, ಜೊತೆಗೆ ಅತ್ತೆ. ಬಾಗಿಲು ತೆಗೆದರೆ ಬಸ್ಸುಗಳ ಮೂತಿ ಕಾಣುತ್ತಿತ್ತು. ಮಾಲೀಕರ ಆರು ಬಸ್ಸುಗಳಲ್ಲಿ ಎರಡು ಭೋರ್ ಊರಿನ ದಾರಿಯಲ್ಲಿ ಓಡುತ್ತಿದ್ದವು. ಉಳಿದ ನಾಲ್ಕನ್ನು ಯುದ್ಧದ ಕೆಲಸಕ್ಕೆ ಹಿಡಿದಿದ್ದರು. ನನ್ನ ಗಂಡನ ಬಸ್ಸು ದಿನಾ ಬೆಳಿಗ್ಗೆ ಖಡಕಿಯ ಕಡೆಗೆ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರನ್ನು ಒಯ್ಯುತ್ತಿತ್ತು.

ಆ ಚಾಳಿನ ಕೊನೆಯ ಖೋಲಿಯಲ್ಲಿ ಮಿಸ್ತ್ರಿಕಾಕಾ ಇದ್ದರು. ಆರೂ ಬಸ್ಸುಗಳ ರಿಪೇರಿ ಅವರದೇ. ಗದಗಿನ ಕಡೆಯವರು. ಹತ್ತಿ ಜಿನ್ನಿನ ಎಂಜಿನ್ನುಗಳ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಪುಣೆಯ ದಂಡಿನ ಕ್ಯಾಂಪಿನಲ್ಲಿ ಸಾಹೇಬರ ಮೋಟಾರುಗಳನ್ನು ನೋಡಿಕೊಂಡು, ಕೊನೆಗೆ ಈ ಶೆಡ್ಡಿಗೆ ಬಂದವರು. ಐವತ್ತೈದು ದಾಟಿತ್ತು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಡೀ ಚಾಳಿನಲ್ಲಿ ಮನೆಯವರನ್ನು ಬಿಟ್ಟರೆ ಕನ್ನಡದಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರು ಅವರೊಬ್ಬರೇ.

ಅವರು ಮಾಡಿಕೊಳ್ಳುತ್ತಿದ್ದ ರೊಟ್ಟಿಯನ್ನು ನೋಡಿದರೆ ಅಳು ಬರುತ್ತಿತ್ತು. ಅಂಚು ಹರಿದು, ನಡುವೆ ಹಸಿಯಾಗಿ, ಒಂದು ಮಗ್ಗುಲು ಕರಕಲಾಗಿ ಇರುತ್ತಿತ್ತು. ಎಂಜಿನ್ನಿನೊಳಗಿನ ಕೂದಲೆಳೆಯಷ್ಟು ಸಂದನ್ನು ಅಳೆಯುವ ಕೈಗೆ ಒಂದು ರೊಟ್ಟಿ ತಟ್ಟಲು ಬರುವುದಿಲ್ಲವೇ ಎಂದು ನಾನು ನಗುತ್ತಿದ್ದೆ. ವಾರಕ್ಕೆ ಎರಡು ಮೂರು ಸಲ ನಾನೇ ರೊಟ್ಟಿ, ಪಲ್ಯ ಕೊಟ್ಟು ಬರುತ್ತಿದ್ದೆ. ತಾಟನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಅವರು ತಪ್ಪದೆ ಅದರಲ್ಲಿ ಎರಡು ಹಸಿಮೆಣಸಿನಕಾಯಿಯನ್ನೋ ಒಂದು ಬೆಲ್ಲದ ಹರಳನ್ನೋ ಇಟ್ಟು ಕೊಡುತ್ತಿದ್ದರು. ಏನೂ ಇಲ್ಲದ ಒಂದು ದಿನ ಹಳೆಯ ಬೇರಿಂಗಿನ ಹೊಳೆಯುವ ಗುಂಡೊಂದನ್ನು ಇಟ್ಟುಕೊಟ್ಟರು. ಅತ್ತೆ ಅದನ್ನು ನೋಡಿ ಮೂಗು ಮುರಿದರು.

ಕೆಲಸದಲ್ಲಿ ಅವರದು ಒಂದೇ ರೀತಿ. ಉಳಿದವರು ಗಾಡಿ ನಿಂತ ಕೂಡಲೇ ಪಾನಾ ಹಿಡಿದು ಕಂಡಕಂಡದ್ದನ್ನು ಬಿಚ್ಚುತ್ತಿದ್ದರು. ಇವರು ಬೀಡಿ ಹಚ್ಚಿ ಕುಳಿತುಬಿಡುತ್ತಿದ್ದರು. ಮೊದಲು ಡ್ರೈವರನನ್ನು ಕೇಳಬೇಕು, ಆಮೇಲೆ ಗಾಡಿಯನ್ನು ಕೇಳಬೇಕು, ಕೈ ಹಚ್ಚುವುದು ಕೊನೆಗೆ. "ತಿರಗತದ, ಆದ್ರ ಹತ್ತೂದಿಲ್ಲ ಅಂದ್ರ ಮೂರs ಮಾತು. ಗಾಳಿ, ಎಣ್ಣಿ, ಬೆಂಕಿ. ನಿನ್ನ ಒಲಿ ಹೆಂಗೋ ಹಂಗ" ಎಂದು ನನಗೆ ಹೇಳಿದ್ದರು. ಒಂದನ್ನು ನೋಡಿ ಮುಗಿಸದೆ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಅರಿವೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಅವರು ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆರೆಯಬೇಕಾಗಿಲ್ಲ ಎಂದು ಭೋರ್ ದಾರಿಯ ಡ್ರೈವರುಗಳೂ ಹೇಳುತ್ತಿದ್ದರು. ಮೂವತ್ತು ವರ್ಷ ದುಡಿದ ಮನುಷ್ಯನಿಗೆ ಇದ್ದ ಆಸ್ತಿ ಅದೊಂದೇ, ಆ ಹೆಸರು.

ನನಗೆ ಎಲ್ಲವನ್ನೂ ಇಣುಕಿ ನೋಡುವ ಚಟ. ಒಂದು ದಿನ ಅವರು ಎಂಜಿನ್ನಿನ ಪಕ್ಕದಲ್ಲಿದ್ದ ಕಪ್ಪು ಟೋಪಿಯಂಥದನ್ನು ತೆಗೆದು ಒಳಗೆ ತೋರಿಸಿದರು. ಜೋಳದ ಕಾಳಿಗಿಂತ ಸಣ್ಣ ಎರಡು ಬಿಳಿಯ ಚುಕ್ಕೆಗಳು ಎದುರುಬದುರಾಗಿ ಇದ್ದವು. ಅವಕ್ಕೆ ಪಾಯಿಂಟ್ ಎನ್ನುತ್ತಾರಂತೆ.

"ಇವೆರಡೂ ಕೂಡತಾವ, ಬಿಡತಾವ. ಬಿಟ್ಟಾಗ ಕಿಡಿ ಹುಟ್ಟತದ. ಇದs ನೋಡು ತಂಗಿ, ಗಾಡಿ ಜೀವ. ಉಳದದ್ದೆಲ್ಲಾ ಬರೇ ಕಬ್ಬಿಣ" ಎಂದರು.

ಅಷ್ಟು ದೊಡ್ಡ ಬಸ್ಸಿನ ಜೀವ ಅಷ್ಟು ಸಣ್ಣದೇ! ನನಗೆ ಅದು ಬಹಳ ದಿನ ತಲೆಯಲ್ಲೇ ಉಳಿಯಿತು. ಗಂಡ ಊಟಕ್ಕೆ ಬಂದಾಗ ಹೇಳಿದೆ. "ನಿನಗ್ಯಾಕ ಅದೆಲ್ಲಾ, ನೀ ಭಕ್ರಿ ಬಡಿ" ಎಂದರು. ಅವರ ಬಾಯಲ್ಲಿ ರೊಟ್ಟಿ ಆಗಲೇ ಮರಾಠಿಯ ಭಕ್ರಿಯಾಗಿತ್ತು.

ಆ ಮಳೆಗಾಲದಲ್ಲಿ ಊರು ಕೆರಳಿತ್ತು. ಚಲೇಜಾವ್ ಚಳವಳಿಯ ಗದ್ದಲ. ಇಂದು ಇಲ್ಲಿ ತಂತಿ ಕತ್ತರಿಸಿದರಂತೆ, ನಿನ್ನೆ ಅಲ್ಲಿ ಅಂಚೆಡಬ್ಬಿಗೆ ಬೆಂಕಿ ಇಟ್ಟರಂತೆ ಎಂಬ ಮಾತುಗಳು. ನನ್ನ ಗಂಡನ ಚಿಕ್ಕಪ್ಪನ ಮಗ ಆಗಲೇ ಯರವಡಾ ಜೇಲಿನಲ್ಲಿದ್ದ. ನಮ್ಮ ಖೋಲಿಯನ್ನು ಪೊಲೀಸರು ಒಮ್ಮೆ ತಡಕಿಯೂ ಹೋಗಿದ್ದರು. ಖಡಕಿಗೆ ಹೋಗುವ ಬಸ್ಸುಗಳಲ್ಲಿ ಒಬ್ಬ ಹವಾಲ್ದಾರ ಬಂದೂಕು ಹಿಡಿದು ಕೂರುತ್ತಿದ್ದ. ಪಕ್ಕದ ಪೇಟೆಯ ಒಬ್ಬ ಲಾರಿ ಡ್ರೈವರನನ್ನು, ಗಾಡಿಯನ್ನು ಬೇಕೆಂದೇ ಕೆಡಿಸಿದ ಎಂದು ಎಳೆದೊಯ್ದಿದ್ದರು. ಅವನ ಹೆಂಡತಿ ಪೊಲೀಸ್ ಚೌಕಿಯ ಮುಂದೆ ಕೂಸನ್ನು ಕಟ್ಟಿಕೊಂಡು ಕೂರುತ್ತಿದ್ದಳು ಎಂದು ಅತ್ತೆ ದಿನಾ ಹೇಳುತ್ತಿದ್ದರು. ಹೇಳಿ ಹೇಳಿ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿಸುತ್ತಿದ್ದರು.

ಹೀಗಿರುವಾಗ ಖಂಡೇನವಮಿ ಬಂತು. ಆ ದಿನ ಆಯುಧಗಳಿಗೆ ಪೂಜೆ, ಪೂಜೆಯಾದ ಮೇಲೆ ಮರುದಿನದವರೆಗೆ ಅವನ್ನು ಮುಟ್ಟುವ ಹಾಗಿಲ್ಲ. ಮಧ್ಯಾಹ್ನ ಬಸ್ಸುಗಳು ಶೆಡ್ಡಿಗೆ ಬಂದವು. ಡ್ರೈವರುಗಳ ಹೆಂಡಂದಿರು ತಮ್ಮ ತಮ್ಮ ಬಸ್ಸಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಮಾಡಬೇಕೆಂಬುದು ಮಾಲೀಕರ ಮನೆಯ ಪದ್ಧತಿ. ಮಿಸ್ತ್ರಿಕಾಕಾ ಬೆಳಗಿನಿಂದ ಒಂದೊಂದೇ ಬಸ್ಸು ತೊಳೆದು, ಎಂಜಿನ್ನು ಒರೆಸಿ, ಸ್ವಚ್ಛ ಮಾಡುತ್ತಿದ್ದರು. ನಮ್ಮದು ಕೊನೆಯದು. ಬಾನೆಟ್ಟು ಎತ್ತಿತ್ತು. ಪಾಯಿಂಟನ್ನು ಸ್ವಚ್ಛ ಮಾಡಿ, ಟೋಪಿ ಹಾಕುವಷ್ಟರಲ್ಲಿ ಕಾಯಿ ಸುಲಿಯಲು ಮಾಲೀಕರು ಕರೆದರೆಂದು ಅದನ್ನು ಹಾಗೆಯೇ ಬಿಟ್ಟು ಹೋದರು.

ನಾನು ತಾಟು ಹಿಡಿದು ನಿಂತಿದ್ದೆ. ಹೊಸ ಸೊಸೆ, ಮೊದಲ ನವಮಿ. ಬಸ್ಸಿನ ದೀಪಗಳಿಗೆ ಕುಂಕುಮ ಹಚ್ಚಿದೆ, ಗಾಲಿಗೆ ಹಚ್ಚಿದೆ, ಸ್ಟೇರಿಂಗಿಗೆ ಹಚ್ಚಿದೆ. ಆಮೇಲೆ ತೆರೆದಿದ್ದ ಬಾನೆಟ್ಟಿನೊಳಗೆ ಆ ಎರಡು ಬಿಳಿಯ ಚುಕ್ಕೆಗಳು ಕಂಡವು. ಬರಿಯ ಕಬ್ಬಿಣಕ್ಕೆಲ್ಲ ಕುಂಕುಮ ಇಟ್ಟು ಜೀವವನ್ನು ಬಿಡುವುದು ಹೇಗೆ? ಅರಿಷಿಣ ಕುಂಕುಮ ಉದುರದಿರಲೆಂದು ಬೆರಳನ್ನು ಮೊದಲು ಎಣ್ಣೆಗೆ ಅದ್ದಿಕೊಳ್ಳುವುದು ರೂಢಿ. ಹಾಗೆಯೇ ಅದ್ದಿ, ಆ ಎರಡರ ನಡುವೆ ದಪ್ಪವಾಗಿ ಹಚ್ಚಿದೆ. ನನ್ನ ಗಂಡ ಹತ್ತಿ ಕೂರುವ ಗಾಡಿ, ಬಾಂಬು ಬಂದೂಕಿನ ದಾರಿಯಲ್ಲಿ ಹೋಗಿಬರುವ ಗಾಡಿ, ಕಾಪಾಡಪ್ಪಾ ಎಂದು ಕೈ ಮುಗಿದೆ. ಅಷ್ಟು ಮನಸ್ಸಿಟ್ಟು ನಾನು ಮತ್ತೆ ಯಾವ ಪೂಜೆಯನ್ನೂ ಮಾಡಲಿಲ್ಲ.

ಮಿಸ್ತ್ರಿಕಾಕಾ ಓಡುತ್ತ ಬಂದರು. ಮುಹೂರ್ತ ಮೀರುತ್ತಿದೆ ಎಂದು ಮಾಲೀಕರು ಹಿಂದಿನಿಂದ ಕೂಗುತ್ತಿದ್ದರು. ಕಾಕಾ ಟೋಪಿ ಹಾಕಿ, ಕ್ಲಿಪ್ಪು ಒತ್ತಿ, ಬಾನೆಟ್ಟು ಇಳಿಸಿದರು. ಒಳಗೆ ನೋಡಲಿಲ್ಲ.

ಮರುದಿನ ದಸರೆ. ಊರಿಗೆ ಹಬ್ಬ, ಯುದ್ಧಕ್ಕೆ ಎಲ್ಲಿಯ ಹಬ್ಬ? ಬೆಳಿಗ್ಗೆ ಬೆಳಕಾಗುವ ಹೊತ್ತಿಗೆ ನಲವತ್ತು ಜನ ಕೆಲಸಗಾರರು ಡಬ್ಬಿ ಹಿಡಿದು ಬಸ್ಸು ಹತ್ತಿ ಕುಳಿತಿದ್ದರು. ನನ್ನ ಗಂಡ ಸೆಲ್ಫ್ ಒತ್ತಿದರು. ಎಂಜಿನ್ನು ತಿರುಗಿತು, ಹತ್ತಲಿಲ್ಲ. ಮತ್ತೆ ಒತ್ತಿದರು. ಬ್ಯಾಟರಿ ಸೋಲುತ್ತ ಬಂದಾಗ ಇಳಿದು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದರು. ತಿರುವಿ ತಿರುವಿ ಅಂಗಿ ಬೆನ್ನಿಗೆ ಅಂಟಿತು. ಉಳಿದ ಬಸ್ಸುಗಳು ಹೊರಟುಹೋದವು. ಇದೊಂದು ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತೇ ಇತ್ತು. ಹವಾಲ್ದಾರ ಇಳಿದು ಹೋಗಿ ಫೌಜದಾರನನ್ನು ಕರೆತಂದ.

ಫೌಜದಾರ ಬಂದವನೇ ನನ್ನ ಗಂಡನ ಹೆಸರು ಕೇಳಿದ, ಮನೆತನ ಕೇಳಿದ, ಯರವಡಾದಲ್ಲಿರುವವನು ನಿನಗೇನಾಗಬೇಕು ಎಂದು ಕೇಳಿದ. ಆಮೇಲೆ ಅವರ ರಟ್ಟೆಯನ್ನು ಹಿಡಿದುಕೊಂಡ. ಟ್ಯಾಂಕಿಗೆ ಸಕ್ಕರೆ ಹಾಕಿದ್ದೀಯಾ, ಏನು ಹಾಕಿದ್ದೀಯಾ ಎಂದು ಗದರಿದ. ಖೋಲಿಯ ಬಾಗಿಲಲ್ಲಿ ನಿಂತಿದ್ದ ನನಗೆ ಮರಾಠಿ ಅರ್ಧ ತಿಳಿಯಿತು, ರಟ್ಟೆ ಹಿಡಿದದ್ದು ಪೂರ್ತಿ ತಿಳಿಯಿತು. ಅತ್ತೆ ಒಳಗೆ ದೇವರ ಮುಂದೆ ಕುಸಿದರು.

ಮಿಸ್ತ್ರಿಕಾಕಾ ಬಂದರು. ಬೀಡಿ ಹಚ್ಚಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಅಷ್ಟೇ ವ್ಯತ್ಯಾಸ. ಉಳಿದದ್ದೆಲ್ಲ ಎಂದಿನ ಹಾಗೆ.

"ಇನ್ನ ತಿರುವಬ್ಯಾಡ್ರಿ. ಪೆಟ್ರೋಲ್ ಕುಡದು ಕುಂತದ ಅದು" ಎಂದು ಮೊದಲು ಎಲ್ಲರ ಕೈ ಬಿಡಿಸಿದರು. ಪೈಪನ್ನು ಬಿಚ್ಚಿ ಒಂದು ಬಟ್ಟಲಿಗೆ ಪೆಟ್ರೋಲು ಹಿಡಿದರು. ಫೌಜದಾರನ ಕಣ್ಣೆದುರಿಗೇ ಅಂಗೈ ಮೇಲೆ ಸುರಿದುಕೊಂಡರು. ಅದು ತಣ್ಣಗೆ ಆರಿಹೋಯಿತು, ಜಿಡ್ಡು ಉಳಿಯಲಿಲ್ಲ. ಸಕ್ಕರೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಗಾಳಿಯ ದಾರಿ ನೋಡಿದರು, ಅದೂ ಸರಿ ಇತ್ತು. ಒಂದು ಪ್ಲಗ್ಗು ಬಿಚ್ಚಿದರು. ಪೆಟ್ರೋಲಿನಿಂದ ತೊಯ್ದಿತ್ತು. ಅದನ್ನು ವಯರಿಗೆ ಸಿಕ್ಕಿಸಿ ಕಬ್ಬಿಣಕ್ಕೆ ಆನಿಸಿ ಹಿಡಿದು, ಒಮ್ಮೆ ಹ್ಯಾಂಡಲ್ ತಿರುವಲು ಹೇಳಿದರು. ಕಿಡಿ ಬರಲಿಲ್ಲ.

"ಬೆಂಕಿ ಇಲ್ಲ" ಎಂದರು.

ನನಗೆ ಆ ಹೊತ್ತಿಗೆ ತಿಳಿಯಿತು. ಒಲೆಯ ಮಾತು, ಜೀವದ ಮಾತು, ನನ್ನ ಎಣ್ಣೆಯ ಬೆರಳು, ಎಲ್ಲ ಒಮ್ಮೆಗೇ. ಅವರು ಕ್ಲಿಪ್ಪು ಎತ್ತಿ ಟೋಪಿ ತೆಗೆದರು. ಒಳಗೆ ನೋಡಿದರು. ಅವರ ಬೆನ್ನು ನನ್ನ ಕಡೆಗಿತ್ತು. ಆ ಬೆನ್ನು ಅಲುಗಲಿಲ್ಲ, ಎಷ್ಟು ಹೊತ್ತೋ... ಎರಡು ಉಸಿರಿನಷ್ಟಿರಬೇಕು. ಫೌಜದಾರ ಬಗ್ಗಲು ಹತ್ತಿರ ಬಂದ. ಅಷ್ಟರಲ್ಲಿ ಕಾಕಾ ಹೆಗಲ ಮೇಲಿನ ಅರಿವೆ ಎಳೆದು, ಒಳಗೆ ಬೆರಳು ಹಾಕಿ ಒರೆಸಿ, ಅರಿವೆಯನ್ನು ಕೆಂಪು ಕಾಣದಂತೆ ಒಳಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಡ್ಡಿಪೆಟ್ಟಿಗೆಯ ಮಗ್ಗುಲನ್ನು ಹರಿದು, ಕಡ್ಡಿ ಗೀರುವ ಆ ಒರಟು ಪಟ್ಟಿಯಿಂದ ಪಾಯಿಂಟನ್ನು ಉಜ್ಜಿದರು. ಊದಿದರು. ಈ ಸಲ ಬಗ್ಗಿ ನೋಡಿ ಮುಚ್ಚಿದರು.

ಹ್ಯಾಂಡಲ್ ಒಂದೇ ಸಲ ತಿರುವಿದರು. ಬಸ್ಸು ಚಾಲೂ ಆಯಿತು. ಒಳಗಿದ್ದ ನಲವತ್ತು ಜನ ಹೋ ಎಂದರು.

ಫೌಜದಾರ ಇನ್ನೂ ರಟ್ಟೆ ಬಿಟ್ಟಿರಲಿಲ್ಲ. ಏನಾಗಿತ್ತು ಎಂದು ಕೇಳಿದ. ನೀರು ಹೋಗಿತ್ತು ಎಂದು ಮಿಸ್ತ್ರಿಕಾಕಾ ಮರಾಠಿಯಲ್ಲಿ ಹೇಳಿದರು. ನಿನ್ನೆ ಪೂಜೆಗೆ ತೊಳೆದವನು ನಾನು, ಡ್ರೈವರನಿಗೆ ಇದರಲ್ಲಿ ಏನೂ ಸಂಬಂಧವಿಲ್ಲ ಎಂದರು. ಮೂವತ್ತು ವರ್ಷದ ಮಿಸ್ತ್ರಿ, ಅಲ್ಲಿಗೆ ನೀರು ಹೋಗಬಾರದೆಂದು ನಿನಗೆ ಗೊತ್ತಿರಲಿಲ್ಲವೇ ಎಂದು ಮಾಲೀಕರೇ ನಡುವೆ ಬಾಯಿ ಹಾಕಿದರು.

"ಗೊತ್ತಿತ್ತು" ಎಂದರು ಕಾಕಾ.

ಫೌಜದಾರ ನನ್ನ ಗಂಡನ ರಟ್ಟೆಯನ್ನು ಬಿಟ್ಟು ಕಾಕಾ ಅವರದನ್ನು ಹಿಡಿದುಕೊಂಡ. ಬಸ್ಸು ಖಡಕಿಯ ಕಡೆ ಹೋಯಿತು, ಅವರು ಚೌಕಿಯ ಕಡೆ ಹೋದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಬಾಯಿ ಬಿಡಬಹುದಾಗಿತ್ತು. ಹೊಸ ಸೊಸೆ, ಭಾಷೆ ಬಾರದು, ಹೆದರಿಕೆ ಎಂದು ನಾನು ನನಗೇ ಬಹಳ ವರ್ಷ ಹೇಳಿಕೊಂಡೆ. ಅದೆಲ್ಲ ನಿಜ. ಆದರೆ ಅದಕ್ಕಿಂತ ಮೊದಲು ನನಗೆ ಆದದ್ದು ಸಮಾಧಾನ. ನನ್ನವರು ಉಳಿದರು ಎಂಬ ಸಮಾಧಾನ. ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಮಧ್ಯಾಹ್ನದ ಹೊತ್ತಿಗೆ ಅವರನ್ನು ಬಿಟ್ಟರು. ಹೇಳಿಕೆ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಬೈದು ಕಳಿಸಿದ್ದರು. ಮಾಲೀಕರಿಗೆ ಮಾತ್ರ ಸರಕಾರದ ಕೆಲಸ ಕೈಬಿಟ್ಟು ಹೋದೀತೆಂಬ ದಿಗಿಲು. ಇಂಥವನನ್ನು ಇಟ್ಟುಕೊಂಡರೆ ನಾಳೆ ನನ್ನನ್ನೂ ಕೇಳುತ್ತಾರೆ ಎಂದು, ದಸರೆಯ ದಿನವೇ ಅವರನ್ನು ಕೆಲಸದಿಂದ ತೆಗೆದರು. ಬನ್ನಿ ಕೊಟ್ಟು ಕಾಲಿಗೆರಗಬೇಕಾದ ದಿನ ಡ್ರೈವರುಗಳು ಅವರ ಖೋಲಿಯ ಮುಂದೆ ತಲೆ ತಗ್ಗಿಸಿ ಹಾದುಹೋದರು. ಒಬ್ಬಿಬ್ಬರು ನಕ್ಕರು ಕೂಡ. ಬಿದ್ದವನ ಮೇಲೆ ಆಳಿಗೊಂದು ಕಲ್ಲು ಎಂಬ ಹಾಗೆ.

ನಾನು ರೊಟ್ಟಿ ತೆಗೆದುಕೊಂಡು ಹೋದೆ. ಅವರು ಹತಾರಗಳಿಗೆ ಒಂದೊಂದಾಗಿ ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತುತ್ತಿದ್ದರು. ಭೋರಿನಲ್ಲಿ ಅಕ್ಕಿ ಗಿರಣಿಯ ಎಂಜಿನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರಂತೆ, ಅಲ್ಲಿಗೆ ಹೊರಟಿದ್ದರು. ನನಗೆ ಮಾತಿಗಿಂತ ಮೊದಲು ಅಳು ಬಂತು.

"ಕಾಕಾ, ನೀರು ಹೋಗಿರಲಿಲ್ರಿ..."

"ನೋಡೇನಿ ತಂಗಿ. ಕಣ್ಣು ಇನ್ನೂ ಹೋಗಿಲ್ಲ ನಂದು."

"ನಾ ಈಗs ಮಾಲೀಕರಿಗೆ ಹೇಳ್ತೀನ್ರಿ."

"ಈಗ ಬ್ಯಾಡ. ಮುಚ್ಚಿದ ಟೋಪಿ ಒಳಗ ಕುಂಕಮಾ ಹೆಂಗ ಹೋತು ಅಂತಾರ. ಗಂಡ ಕಲಿಸಿಕೊಟ್ಟ, ಹೆಂಡತಿ ಮಾಡಿದ್ಲು ಅಂತಾರ. ಇಬ್ಬರನೂ ಒಯ್ತಾರ." ಅವರು ಚೀಲದ ಬಾಯಿಗೆ ಹಗ್ಗ ಬಿಗಿದರು. "ಜೀವ ಅಂತ ತೋರಿಸಿದಾಂವ ನಾ. ಜೀವಕ್ಕ ಹಚ್ಚಲಾರದ ನೀ ಇನ್ಯಾತಕ್ಕ ಹಚ್ಚತಿದ್ದಿ? ಅದಕ್ಕ ನನಗ ಸಿಟ್ಟಿಲ್ಲ. ಮುಚ್ಚೂ ಮುಂದ ನೋಡ್ಲಿಲ್ಲ, ಅದು ನನ್ನ ತಪ್ಪು."

ನಾನು ಕಣ್ಣೊರೆಸಿಕೊಂಡು ಏಳುವಾಗ ಅವರು ತಡೆದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಆಗ ಸ್ವಲ್ಪ ಇಳಿಯಿತು.

"ಆದ್ರ ಈ ಗದ್ದಲ ಮುಗದ ಮ್ಯಾಲ ಒಂದು ಮಾತು ಹೇಳಬೇಕು ನೋಡವ್ವ. ಮಾಲೀಕರಿಗೆ, ಈ ಡ್ರೈವರ ಮಂದಿಗೆ. ಪಾಯಿಂಟಿಗೆ ನೀರು ಬಿಟ್ಟ ಮಿಸ್ತ್ರಿ ಅಂತ ಅನ್ನಿಸ್ಕೊಂಡು ಸಾಯಾಕ ನನಗ ಮನಸ್ಸಿಲ್ಲ."

"ಹೇಳ್ತೀನ್ರಿ ಕಾಕಾ."

"ಆತು" ಎಂದರು. ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡರು. ತಾಟಿನಲ್ಲಿ ಇಡಲು ಖೋಲಿಯಲ್ಲಿ ಏನೂ ಉಳಿದಿರಲಿಲ್ಲ. ಸುತ್ತಲೂ ನೋಡಿ, ಬರಿಯ ತಾಟನ್ನೇ ಕೊಟ್ಟರು.

ಗದ್ದಲ ಮುಗಿಯಿತು. ಮುಗಿಯಲು ಎರಡು ವರ್ಷವೂ ಬೇಕಾಗಲಿಲ್ಲ. ಬಂದೂಕಿನ ಹವಾಲ್ದಾರ ಬಸ್ಸಿಗೆ ಬರುವುದನ್ನು ಬಿಟ್ಟ. ಚಿಕ್ಕಪ್ಪನ ಮಗ ಬಿಡುಗಡೆಯಾಗಿ ಬಂದು ನಮ್ಮ ಖೋಲಿಯಲ್ಲೇ ಹೋಳಿಗೆ ಉಂಡು ಹೋದ. ಇನ್ನು ಹೇಳಬಹುದಿತ್ತು. ಆದರೆ ಆಗ ನನಗೆ ಮೊದಲನೆಯ ಬಸಿರು. ಹೆರಿಗೆಯಾಗಲಿ ಎಂದುಕೊಂಡೆ. ಹೆರಿಗೆಯಾಯಿತು, ಕೂಸಿಗೆ ಮೈ ನೆಟ್ಟಗಿರಲಿಲ್ಲ. ಆಮೇಲೆ ಮಾಲೀಕರು ನನ್ನ ಗಂಡನನ್ನು ಎಲ್ಲ ಡ್ರೈವರುಗಳಿಗೂ ಹಿರಿಯನನ್ನಾಗಿ ಮಾಡಿದರು. ಈಗ ಹೋಗಿ, ಅಂದು ನಿಮ್ಮ ಬಸ್ಸು ನಿಲ್ಲಿಸಿದವಳು ಅವರ ಹೆಂಡತಿಯೇ ಎಂದು ಹೇಗೆ ಹೇಳಲಿ? ಮುಂದೆ ನೋಡೋಣ, ಮುಂದೆ ನೋಡೋಣ... ನಾಳೆ ಎಂದವನ ಮನೆ ಹಾಳು ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಹಾಳಾದದ್ದು ನನ್ನ ಮನೆಯಲ್ಲ, ಅದೇ ಕಷ್ಟ.

ಅಷ್ಟರಲ್ಲಿ ಆ ಕತೆ ಶೆಡ್ಡಿನಲ್ಲಿ ಬೇರು ಬಿಟ್ಟಿತ್ತು. ಯಾರಾದರೂ ಗಾಡಿ ತೊಳೆಯಲು ನೀರು ಎತ್ತಿದರೆ ಸಾಕು, ನೀರು ಬಿಟ್ಟ ಮಿಸ್ತ್ರಿ ಆಗಬೇಡ ನೋಡು ಎಂದು ನಗುತ್ತಿದ್ದರು. ಆ ಕತೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವರು ನನ್ನ ಗಂಡ. ಮನೆಗೆ ಯಾರೇ ಬರಲಿ, ತಾವು ಜೇಲಿಗೆ ಹೋಗುವುದು ಹೇಗೆ ತಪ್ಪಿತೆಂದು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. "ಅರವತ್ತಕ್ಕ ಅರಳು ಮರಳು ಅಂತಾರ, ಆ ಮುದುಕಗ ಐವತ್ತೈದಕ್ಕs ಬಂದಿತ್ತು" ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಗೊತ್ತಿದ್ದವಳು ನಾನು, ಚಹಾದ ಬಶಿ ಇಟ್ಟು ಒಳಗೆ ಹೋಗುತ್ತಿದ್ದೆ.

ಯುದ್ಧ ಮುಗಿದ ಮೇಲೆ ನನ್ನ ಗಂಡನಿಗೆ ಭೋರ್ ದಾರಿ ಸಿಕ್ಕಿತು. ಒಂದು ದಿನ ಕೂಸನ್ನು ಕಟ್ಟಿಕೊಂಡು ನಾನೂ ಬಸ್ಸು ಹತ್ತಿದೆ. ಮಿಸ್ತ್ರಿಕಾಕಾ ಅವರನ್ನು ನೋಡಿ ಬರೋಣ ಎಂದೆ. ನನ್ನ ಗಂಡ ಹುಬ್ಬು ಹಾರಿಸಿದರು, ಆದರೂ ಒಪ್ಪಿದರು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದದ್ದು ಒಂದೇ. ಮೊದಲು ಕಾಕಾ ಅವರ ಮುಂದೆಯೇ ನನ್ನ ಗಂಡನಿಗೆ ಹೇಳಿಬಿಡುವುದು. ಮುಂದಿನದು ಆದಂತಾಗಲಿ. ಕಾತ್ರಜದ ಘಾಟು ಏರುವಾಗ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿ ನೋಡಿಕೊಂಡೆ.

ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಗಿರಣಿಯ ಯಜಮಾನರು ಮರಾಠಿಯ ವೃದ್ಧರು, ನಮ್ಮನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಕಾಕಾ ಅವರಿಗೆ ಜ್ವರ ಬಂದಿತ್ತಂತೆ. ಎಂಟೇ ದಿನ, ತೀರಿಕೊಂಡರಂತೆ. ನಮ್ಮವರು ಯಾರೂ ಇಲ್ಲ, ಯಾರಿಗೂ ತಿಳಿಸುವುದು ಬೇಡ ಎಂದಿದ್ದರಂತೆ.

ಯಜಮಾನರೇ ಮುಂದುವರಿಸಿದರು. ಒಳ್ಳೆಯ ಕೈ, ಒಳ್ಳೆಯ ಮನುಷ್ಯ, ಒಂದೇ ಒಂದು ಹುಚ್ಚು ಇತ್ತು ಎಂದರು. ಬಂದ ಹೊಸದರಲ್ಲಿ ದಿನಾ ಮಧ್ಯಾಹ್ನ ಪುಣೆಯ ಬಸ್ಸು ಬರುವ ಹೊತ್ತಿಗೆ ಕೈ ತೊಳೆದುಕೊಂಡು ಸ್ಟ್ಯಾಂಡಿಗೆ ಹೋಗುತ್ತಿದ್ದರಂತೆ. ಡ್ರೈವರನನ್ನು ಪಕ್ಕಕ್ಕೆ ಕರೆದು, ಶೆಡ್ಡಿನಲ್ಲಿ ನನ್ನ ಮಾತೇನಾದರೂ ಬಂತೇ ಎಂದು ಕೇಳುತ್ತಿದ್ದರಂತೆ. ಬರದೆ ಏನು, ನೀರಿನ ಮಾತು ದಿನಾ ಬರುತ್ತದೆ ಎಂದು ಡ್ರೈವರುಗಳು ನಗುತ್ತಿದ್ದರಂತೆ. ಅದಲ್ಲ, ಬೇರೆ ಏನಾದರೂ ಬಂತೇ ಎಂದು ಮತ್ತೆ ಕೇಳುತ್ತಿದ್ದರಂತೆ. ಹೀಗೆ ಎರಡು ವರ್ಷ. ಆಮೇಲೆ ಹೋಗುವುದನ್ನು ಬಿಟ್ಟರಂತೆ.

"ಪಾಪ, ನಾಚಿಕಿ ಹೋಗಿರಲಿಲ್ಲ ಕಾಣತದ ಮುದುಕಗ" ಎಂದರು ನನ್ನ ಗಂಡ ಮೆಲ್ಲಗೆ, ನನ್ನ ಕಿವಿಗೆ ಮಾತ್ರ ಬೀಳುವಂತೆ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕೂಸು ಅಳುತ್ತಿತ್ತು, ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಗಂಡ ನನ್ನ ಕಣ್ಣು ನೋಡಿ, ನಿನಗೆ ಆ ಮುದುಕನ ಮೇಲೆ ಇಷ್ಟು ಕಕ್ಕುಲಾತಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ ಎಂದರು. ಇಷ್ಟು ವರ್ಷ ಸಂಸಾರ ಮಾಡಿ ಅವರಿಗೆ ಗೊತ್ತಿಲ್ಲದೆ ಉಳಿದದ್ದು ಅದೊಂದೇ ಅಲ್ಲ.

ನನ್ನ ಗಂಡ ಹೋಗಿ ಈಗ ಏಳು ವರ್ಷ. ಕೊನೆಯ ಸಲ ದವಾಖಾನೆಯಲ್ಲಿ ಮಲಗಿದ್ದಾಗಲೂ ಪಕ್ಕದ ಮಂಚದವನಿಗೆ ಆ ಕತೆ ಹೇಳಿ ನಗಿಸಿದರು. ಮಾಲೀಕರೂ ಇಲ್ಲ, ಆ ಡ್ರೈವರುಗಳೂ ಇಲ್ಲ. ಶೆಡ್ಡು ಇದ್ದಲ್ಲಿ ಬ್ಯಾಂಕು ನಿಂತಿದೆ. ಮೊನ್ನೆ ಕೆಳಗಿನವರ ಸ್ಕೂಟರು ಚಾಲೂ ಆದ ಮೇಲೆ ಮಗನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿದ. "ಇರ್ಲಿ ಬಿಡವ್ವ, ಈಗ ಯಾರಿಗೇನು ಫರಕ್ ಆಗತದ" ಎಂದ. ನನಗೆ ನೋವಾಗದಿರಲೆಂದೇ ಅಂದ ಮಾತು ಅದು. ಅವನು ಹೇಳಿದ್ದು ನಿಜವೂ ಹೌದು. ಫರಕ್ ಆಗುತ್ತಿದ್ದ ಒಬ್ಬರು ಎರಡು ವರ್ಷ ದಿನಾ ಬಸ್ ಸ್ಟ್ಯಾಂಡಿಗೆ ಬಂದು ಕೇಳಿ, ಸಾಕಾಗಿ, ಮನೆಗೆ ಹೋದರು.

ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೇಳುತ್ತಿದ್ದೇನೆ. ಅವರು ನೀರು ಬಿಟ್ಟಿರಲಿಲ್ಲ.